ಪಂಚಾಯಿತಿಯ ಬಾಗಿಲಿನಿಂದ ಮನೆಯ ಅಂಗಳಕ್ಕೆ: ಗ್ರಾಮೀಣ ಬ್ರಾಡ್‌ಬ್ಯಾಂಡ್ ವಿಸ್ತರಣೆಯಲ್ಲಿ ಸರ್ಕಾರದ ಪ್ರಯತ್ನಗಳು

ಪೀಠಿಕೆ

ಒಂದು ಊರಿಗೆ ರಸ್ತೆ ಬಂದಿತೆಂದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ವಿದ್ಯುತ್ತು ಬಂದಿತೆಂದರೆ ಅಂದಿನ ರಾತ್ರಿಯೇ ದೀಪ ಉರಿಯುತ್ತದೆ. ಆದರೆ ನೆಲದಡಿಯಲ್ಲಿ ಹುದುಗಿ ಬರುವ, ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು ಊರಿಗೆ ಬಂದಿದೆಯೋ ಇಲ್ಲವೋ, ಬಂದದ್ದು ಇಂದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಹೊರನೋಟಕ್ಕೆ ತಿಳಿಯುವಂಥದಲ್ಲ. ಗ್ರಾಮೀಣ ಬ್ರಾಡ್‌ಬ್ಯಾಂಡ್ ಸಂಪರ್ಕದ ಚರಿತ್ರೆಯನ್ನು ಬರೆಯುವುದರಲ್ಲಿರುವ ಮೊದಲ ತೊಡಕು ಇದೇ. ಕಡತದ ಪ್ರಕಾರ ಸಂಪರ್ಕ ಪಡೆದಿರುವ ಗ್ರಾಮ ಮತ್ತು ವಾಸ್ತವದಲ್ಲಿ ಸಂಪರ್ಕ ಪಡೆದಿರುವ ಗ್ರಾಮ ಇವೆರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ಭಾರತ ಸರ್ಕಾರವು ಕಳೆದ ನಾಲ್ಕು ದಶಕಗಳಲ್ಲಿ ಹಳ್ಳಿಗಳಿಗೆ ಮೊದಲು ದೂರವಾಣಿಯನ್ನೂ ಬಳಿಕ ಅಂತರಜಾಲವನ್ನೂ ಒಯ್ಯಲು ಕೈಗೊಂಡ ಪ್ರಯತ್ನಗಳ ವ್ಯಾಪ್ತಿ ಅಸಾಧಾರಣವಾದುದು. ಹಣದ ಮೊತ್ತದಲ್ಲಿಯೂ ಹಾಕಿದ ಕೇಬಲಿನ ಉದ್ದದಲ್ಲಿಯೂ ಇದಕ್ಕೆ ಸಮನಾದ ಗ್ರಾಮೀಣ ಸಂಪರ್ಕ ಯೋಜನೆಗಳು ಜಗತ್ತಿನಲ್ಲಿ ವಿರಳ. ಹೀಗಿದ್ದೂ ಈ ಪ್ರಯತ್ನಗಳ ಫಲ ಹಲವೆಡೆ ಗ್ರಾಮ ಪಂಚಾಯಿತಿ ಕಚೇರಿಯ ಬಾಗಿಲಿನಲ್ಲಿಯೇ ನಿಂತುಬಿಟ್ಟಿದೆ. ಅದು ಅಲ್ಲಿಯೇ ನಿಂತದ್ದೇಕೆ, ಅಲ್ಲಿಂದ ಮನೆಯ ಅಂಗಳದವರೆಗಿನ ಅಂತರವನ್ನು ದಾಟಲು ಯಾವ ಬಗೆಯ ವ್ಯವಸ್ಥೆ ಬೇಕು ಎಂಬುದನ್ನು ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೂರವಾಣಿಯ ಕಾಲದ ಎರಡು ಪಾಠಗಳು

ಗ್ರಾಮೀಣ ಸಂಪರ್ಕದ ಕಥನ ಕರ್ನಾಟಕದ ನೆಲದೊಂದಿಗೆ ಆರಂಭದಿಂದಲೂ ಹೆಣೆದುಕೊಂಡಿದೆ. 1984ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ 128 ಸಂಪರ್ಕಗಳ ಸಾಮರ್ಥ್ಯದ ಸಣ್ಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಅಂಥ ಮೊದಲ ಕೇಂದ್ರ 1986ರಲ್ಲಿ ಕಿತ್ತೂರಿನಲ್ಲಿ ಸ್ಥಾಪನೆಗೊಂಡಿತು. ವಿದೇಶಗಳಿಂದ ಆಮದಾಗುತ್ತಿದ್ದ ವಿನಿಮಯ ಕೇಂದ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಾಗಿತ್ತು. ಅವು ದೊಡ್ಡ ನಗರಗಳ ಅಗತ್ಯವನ್ನು ಮನಸ್ಸಿನಲ್ಲಿಟ್ಟು ನಿರ್ಮಿತವಾದವು. ಕಿತ್ತೂರಿನ ಕೇಂದ್ರವಾದರೋ ಧೂಳು, ಸೆಕೆ ಮತ್ತು ಅಸ್ಥಿರ ವಿದ್ಯುತ್ತುಗಳ ನಡುವೆ ನಡೆಯಬೇಕೆಂಬ ಎಣಿಕೆಯಿಂದಲೇ ರೂಪುಗೊಂಡಿತ್ತು. ಹಳ್ಳಿಯ ಪರಿಸ್ಥಿತಿಯನ್ನು ಅಪವಾದವೆಂದು ಭಾವಿಸದೆ ವಿನ್ಯಾಸದ ಮೂಲವೆಂದೇ ಸ್ವೀಕರಿಸಿದ್ದು ಅದರ ಯಶಸ್ಸಿನ ಗುಟ್ಟು.

ಇದರ ಜೊತೆಯಲ್ಲಿಯೇ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಹರಡಿದ ಸಾರ್ವಜನಿಕ ದೂರವಾಣಿ ಕೇಂದ್ರಗಳ ವ್ಯವಸ್ಥೆಯನ್ನೂ ನೆನೆಯಬೇಕು. ಹಳದಿ ಫಲಕ ಹೊತ್ತ ಎಸ್‌ಟಿಡಿ ಬೂತುಗಳನ್ನು ಸರ್ಕಾರವೇ ನಡೆಸಲಿಲ್ಲ. ಊರಿನ ಅಂಗಡಿಯವರು, ಅಂಗವಿಕಲರು, ನಿರುದ್ಯೋಗಿ ತರುಣರು ಕರೆಗಳ ಮೇಲಿನ ಕಮಿಷನ್ನಿನ ಆಧಾರದಿಂದ ಅವುಗಳನ್ನು ನಡೆಸಿದರು. ಫೋನು ಕೆಟ್ಟರೆ ಅಂದಿನ ಸಂಪಾದನೆಗೆ ಕುಂದುಂಟಾಗುತ್ತಿದ್ದುದರಿಂದ ಅದನ್ನು ಸರಿಪಡಿಸುವಂತೆ ಇಲಾಖೆಯನ್ನು ಒತ್ತಾಯಿಸುವವರೊಬ್ಬರು ಊರಿನಲ್ಲಿಯೇ ಇರುತ್ತಿದ್ದರು.

ಎರಡನೆಯ ಪಾಠ ಇದಕ್ಕೆ ವಿರುದ್ಧವಾದುದು. ಪ್ರತಿ ಹಳ್ಳಿಗೂ ಒಂದು ಸಾರ್ವಜನಿಕ ದೂರವಾಣಿ ಎಂಬ ಗುರಿಯನ್ನು ತಲುಪುವ ಆತುರದಲ್ಲಿ ಸಾವಿರಾರು ಹಳ್ಳಿಗಳಿಗೆ ಬಹುಪ್ರವೇಶ ರೇಡಿಯೋ ತಂತ್ರಜ್ಞಾನದ ಫೋನುಗಳನ್ನು ಅಳವಡಿಸಲಾಯಿತು. ಅಂಕಿಅಂಶಗಳಲ್ಲಿ ಆ ಹಳ್ಳಿಗಳೆಲ್ಲವೂ ದೂರವಾಣಿ ಪಡೆದ ಹಳ್ಳಿಗಳಾದವು. ಆದರೆ ಆ ಉಪಕರಣಗಳು ಬಹುಬೇಗ ಕೆಟ್ಟುನಿಂತವು. ಇಂಥ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಫೋನುಗಳನ್ನು ಮುಂದೆ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯ ಹಣದಿಂದ ಬದಲಾಯಿಸಬೇಕಾಯಿತು. ಅಳವಡಿಸಿದ್ದನ್ನು ಎಣಿಸುವ ಪದ್ಧತಿಗೂ ನಡೆಯುತ್ತಿರುವುದನ್ನು ಎಣಿಸುವ ಪದ್ಧತಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ಅಪರೂಪ.

ನಿಧಿ, ನೀತಿ ಮತ್ತು ವ್ಯಾಖ್ಯೆ

1999ರ ಹೊಸ ದೂರಸಂಪರ್ಕ ನೀತಿಯು ಲಾಭದ ದೃಷ್ಟಿಯಿಂದ ಆಕರ್ಷಕವಲ್ಲದ ಪ್ರದೇಶಗಳಿಗೂ ಸೇವೆ ತಲುಪಬೇಕೆಂಬ ತತ್ತ್ವಕ್ಕೆ ಆರ್ಥಿಕ ಆಧಾರವನ್ನು ಸೂಚಿಸಿತು. ಅದರಂತೆ 2002ರ ಏಪ್ರಿಲ್ 1ರಿಂದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಜಾರಿಗೆ ಬಂದಿತು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಗೊಂಡ ಒಟ್ಟು ಆದಾಯದ ಶೇಕಡಾ 5ರಷ್ಟನ್ನು ಈ ಬಾಬ್ತಿಗೆ ನೀಡಬೇಕೆಂದು ನಿಗದಿಯಾಯಿತು. ನಗರದ ಗ್ರಾಹಕ ಆಡುವ ಪ್ರತಿ ಮಾತಿನಿಂದಲೂ ಹಳ್ಳಿಯ ಸಂಪರ್ಕಕ್ಕೆ ಒಂದು ಪಾಲು ಸಲ್ಲಬೇಕೆಂಬುದು ಇದರ ಹಿಂದಿನ ಭಾವನೆ. 2003ರ ತಿದ್ದುಪಡಿ ಕಾಯ್ದೆ ಈ ನಿಧಿಗೆ ಶಾಸನಬದ್ಧ ಸ್ಥಾನ ನೀಡಿತು. ಆರಂಭದಲ್ಲಿ ಅದರ ವ್ಯಾಪ್ತಿ ಸಾಮಾನ್ಯ ದೂರವಾಣಿಗೆ ಸೀಮಿತವಾಗಿದ್ದು, 2006ರ ತಿದ್ದುಪಡಿಯ ನಂತರವೇ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಸೇವೆಗಳಿಗೂ ಹಣ ಒದಗಿಸುವುದು ಸಾಧ್ಯವಾಯಿತು. ಸಂಗ್ರಹವಾದ ಮೊತ್ತದ ಗಣನೀಯ ಭಾಗ ವರ್ಷಗಳ ಕಾಲ ವೆಚ್ಚವಾಗದೆ ಉಳಿದುದೂ ಈ ನಿಧಿಯ ಚರಿತ್ರೆಯ ಒಂದು ಅಂಗ. 2023ರ ದೂರಸಂಪರ್ಕ ಕಾಯ್ದೆಯ ಅನ್ವಯ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಬಂದಿದೆ.

2004ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಬ್ರಾಡ್‌ಬ್ಯಾಂಡ್ ನೀತಿಯು ಪ್ರತಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವುಳ್ಳ, ಸದಾ ಲಭ್ಯವಿರುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ವ್ಯಾಖ್ಯಾನಿಸಿತು. 2013ರಲ್ಲಿ ಈ ಮಿತಿ 512 ಕಿಲೋಬಿಟ್ಟಿಗೂ 2023ರಲ್ಲಿ 2 ಮೆಗಾಬಿಟ್ಟಿಗೂ ಏರಿತು. ವ್ಯಾಖ್ಯೆಯ ಈ ಬದಲಾವಣೆ ಕೇವಲ ತಾಂತ್ರಿಕ ವಿಚಾರವಲ್ಲ. ಯಾವ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬೇಕೆಂಬುದು ಎಷ್ಟು ಹಳ್ಳಿಗಳು ಸಂಪರ್ಕ ಪಡೆದಿವೆ ಎಂಬ ಲೆಕ್ಕವನ್ನೇ ನಿರ್ಧರಿಸುತ್ತದೆ. 256 ಕಿಲೋಬಿಟ್ ವೇಗದಲ್ಲಿ ಒಂದು ಪತ್ರವನ್ನು ಕಳುಹಿಸಬಹುದಿತ್ತು, ಆದರೆ ವೈದ್ಯರೊಡನೆ ಮುಖಾಮುಖಿ ಮಾತನಾಡುವಂತಿರಲಿಲ್ಲ. 2010ರೊಳಗೆ 2 ಕೋಟಿ ಬ್ರಾಡ್‌ಬ್ಯಾಂಡ್ ಚಂದಾದಾರರನ್ನು ಹೊಂದುವ ಗುರಿಯನ್ನು ಆ ನೀತಿ ಇರಿಸಿಕೊಂಡಿತ್ತು. ಆ ವರ್ಷದ ಕೊನೆಗೆ ಸಾಧ್ಯವಾದದ್ದು ಸುಮಾರು 1.1 ಕೋಟಿ ಮಾತ್ರ, ಅದರಲ್ಲಿಯೂ ಹೆಚ್ಚಿನ ಪಾಲು ನಗರಗಳದಾಗಿತ್ತು.

ಕರ್ನಾಟಕದ ಅನುಭವ: ಪಹಣಿಯಿಂದ ಸಂಪರ್ಕದವರೆಗೆ

ಹಳ್ಳಿಗೆ ಅಂತರಜಾಲ ಏಕೆ ಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಮೊದಲು ದೊರೆತ ಉತ್ತರ ಪಹಣಿ. ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆಯು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕು ಕೇಂದ್ರಗಳಲ್ಲಿ ಜಾರಿಗೆ ಬಂದಿತು. 15 ರೂಪಾಯಿ ಶುಲ್ಕ ತೆತ್ತು ಮುದ್ರಿತ ಪಹಣಿಯನ್ನು ಪಡೆಯುವ ವ್ಯವಸ್ಥೆ ರೈತನನ್ನು ಕೈಬರಹದ ದಾಖಲೆಯ ಅನಿಶ್ಚಿತತೆಯಿಂದ ಪಾರುಮಾಡಿತು. ಆದರೆ ಅದಕ್ಕಾಗಿ ಆತ ತಾಲ್ಲೂಕು ಕೇಂದ್ರಕ್ಕೆ ಪ್ರಯಾಣ ಮಾಡಬೇಕಾಗುತ್ತಿತ್ತು. ದಾಖಲೆ ಗಣಕದೊಳಗೆ ಬಂದಿತ್ತೇ ಹೊರತು ಗಣಕ ಹಳ್ಳಿಗೆ ಬಂದಿರಲಿಲ್ಲ.

ಈ ಕೊರತೆಯನ್ನು ನೀಗಲು 2006ರಲ್ಲಿ ಆರಂಭವಾದ ನೆಮ್ಮದಿ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 800 ಕೇಂದ್ರಗಳ ಜಾಲವನ್ನು ಹೆಣೆದವು. ತಂತಿ ತಲುಪದೆಡೆ ಉಪಗ್ರಹ ಸಂಪರ್ಕವನ್ನು ಆಶ್ರಯಿಸಲಾಯಿತು. 2012ರಲ್ಲಿ ಈ ಹೊಣೆಯನ್ನು ಸರ್ಕಾರವೇ ವಹಿಸಿಕೊಂಡು ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನು ತೆರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಸಕಾಲ' ವ್ಯವಸ್ಥೆಯು ಸರ್ಕಾರಿ ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿತು. 2016ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರಗಳು, 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಆರಂಭಗೊಂಡವು. ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಪಂಚಾಯಿತಿಗೆ ಸೇವೆಯು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದ ಪರಿ ಇದು.

ಈ ಇಳಿಕೆಯೊಂದಿಗೆ ಒಂದು ಹೊಸ ಪರಿಸ್ಥಿತಿಯೂ ಉಂಟಾಯಿತು. ಸಂಪರ್ಕವು ಅನುಕೂಲವೆಂಬ ಸ್ಥಾನದಿಂದ ಅನಿವಾರ್ಯವೆಂಬ ಸ್ಥಾನಕ್ಕೆ ಬಂದಿತು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದಿಕೆಯಾಗದೆ ಪಡಿತರ ದೊರೆಯದು, ಬೆರಳಚ್ಚಿನ ಪರಿಶೀಲನೆ ಅಂತರಜಾಲವಿಲ್ಲದೆ ನಡೆಯದು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಿಯನ್ನು ಮೊಬೈಲ್ ತಂತ್ರಾಂಶದ ಮೂಲಕವೇ ದಾಖಲಿಸುವುದನ್ನು 2023ರ ಜನವರಿಯಿಂದ ಕಡ್ಡಾಯಗೊಳಿಸಲಾಯಿತು. ಸಂಪರ್ಕವಿಲ್ಲದ ದಿನ ಮೈಮುರಿದು ದುಡಿದ ದುಡಿಮೆಯೂ ದಾಖಲೆಗೆ ಬಾರದಿರುವ ಸಾಧ್ಯತೆ ಇದರಿಂದ ಹುಟ್ಟಿಕೊಂಡಿತು. ಮೊದಲು ಅಂತರಜಾಲವಿಲ್ಲದ ಹಳ್ಳಿ ಒಂದು ಹೊಸ ಸೌಲಭ್ಯದಿಂದ ಮಾತ್ರ ವಂಚಿತವಾಗುತ್ತಿತ್ತು. ಈಗ ಅದು ಹಿಂದಿನಿಂದಲೂ ತನಗಿದ್ದ ಹಕ್ಕಿನಿಂದಲೇ ವಂಚಿತವಾಗುತ್ತದೆ. ಬ್ರಾಡ್‌ಬ್ಯಾಂಡ್ ಪ್ರಶ್ನೆಯ ಗಾಂಭೀರ್ಯವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ಭಾರತ್‌ನೆಟ್: ಸ್ವರೂಪ ಮತ್ತು ಕಾರ್ಯವಿಧಾನ

ದೇಶದ ಎಲ್ಲ ಗ್ರಾಮ ಪಂಚಾಯಿತಿಗಳನ್ನೂ ಆಪ್ಟಿಕಲ್ ಫೈಬರ್ ಮೂಲಕ ಜೋಡಿಸುವ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಸುಮಾರು 2.5 ಲಕ್ಷ ಪಂಚಾಯಿತಿಗಳಿಗೆ ತಲಾ 100 ಮೆಗಾಬಿಟ್ ಸಾಮರ್ಥ್ಯ ಒದಗಿಸುವುದು ಗುರಿಯಾಗಿತ್ತು. ಆರಂಭಿಕ ಅಂದಾಜು ವೆಚ್ಚ ಸುಮಾರು 20,000 ಕೋಟಿ ರೂಪಾಯಿ. 2012ರ ಫೆಬ್ರವರಿಯಲ್ಲಿ ಇದಕ್ಕೆಂದೇ ಬಿಬಿಎನ್‌ಎಲ್ ಎಂಬ ಸರ್ಕಾರಿ ಕಂಪನಿ ಸ್ಥಾಪಿತವಾಯಿತು. ಬಿಎಸ್‌ಎನ್‌ಎಲ್, ರೈಲ್‌ಟೆಲ್ ಮತ್ತು ಪವರ್‌ಗ್ರಿಡ್ ಸಂಸ್ಥೆಗಳಿಗೆ ಕಾಮಗಾರಿಯನ್ನು ಹಂಚಲಾಯಿತು. ಎರಡು ವರ್ಷಗಳಲ್ಲಿ ಮುಗಿಯಬೇಕೆಂದು ಎಣಿಸಿದ್ದ ಕೆಲಸದ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2015ರಲ್ಲಿ ಜೆ. ಸತ್ಯನಾರಾಯಣ ಅಧ್ಯಕ್ಷತೆಯ ಸಮಿತಿಯ ವರದಿಯ ತರುವಾಯ ಯೋಜನೆಗೆ ಭಾರತ್‌ನೆಟ್ ಎಂಬ ಹೆಸರೂ ಹೊಸ ರೂಪವೂ ಬಂದವು. ಒಂದು ಲಕ್ಷ ಪಂಚಾಯಿತಿಗಳನ್ನು ಒಳಗೊಂಡ ಮೊದಲ ಹಂತ 2017ರ ಡಿಸೆಂಬರ್ ವೇಳೆಗೆ ಮುಗಿಯಿತು. ಸುಮಾರು 6,000 ಗ್ರಾಮ ಪಂಚಾಯಿತಿಗಳುಳ್ಳ ಕರ್ನಾಟಕದ ಬಹುಪಾಲು ಈ ಮೊದಲ ಹಂತದಲ್ಲಿಯೇ ಸೇರಿತ್ತು.

ಯೋಜನೆಯ ಮಿತಿಗಳನ್ನು ಅರಿಯಲು ಅದರ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ. ಅಂತರಜಾಲದ ಹಾದಿಯನ್ನು ನೀರಾವರಿ ವ್ಯವಸ್ಥೆಗೆ ಹೋಲಿಸಬಹುದು. ಮಹಾನಗರಗಳನ್ನೂ ಜಿಲ್ಲಾ ಕೇಂದ್ರಗಳನ್ನೂ ಜೋಡಿಸುವ ಜಾಲವು ಮುಖ್ಯ ನಾಲೆ ಇದ್ದಂತೆ. ತಾಲ್ಲೂಕಿನಿಂದ ಪಂಚಾಯಿತಿಗೆ ಬರುವುದು ಉಪನಾಲೆ. ಪಂಚಾಯಿತಿಯಿಂದ ಪ್ರತಿ ಮನೆಗೆ ಹೋಗಬೇಕಾದುದು ಹೊಲಗಾಲುವೆ. ಭಾರತ್‌ನೆಟ್ ಮೂಲತಃ ಉಪನಾಲೆಯ ಯೋಜನೆ. ತಾಲ್ಲೂಕಿನ ದೂರವಾಣಿ ವಿನಿಮಯ ಕೇಂದ್ರದಲ್ಲಿ ಬೆಳಕಿನ ಸಂಕೇತಗಳನ್ನು ಕಳುಹಿಸುವ ಮುಖ್ಯ ಸಾಧನವಿರುತ್ತದೆ. ಅಲ್ಲಿಂದ ಹೊರಟ ಒಂದು ತಂತು ಮಾರ್ಗಮಧ್ಯದಲ್ಲಿ ಕವಲೊಡೆದು ಹಲವು ಪಂಚಾಯಿತಿಗಳನ್ನು ತಲುಪುತ್ತದೆ. ಪಂಚಾಯಿತಿ ಕಚೇರಿಯಲ್ಲಿರುವ ಚಿಕ್ಕ ಪೆಟ್ಟಿಗೆ ಆ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಕವಲೊಡೆಯುವೆಡೆ ವಿದ್ಯುತ್ತು ಬೇಕಿಲ್ಲದಿರುವುದು ಈ ವಿಧಾನದ ದೊಡ್ಡ ಅನುಕೂಲ. ತಾಲ್ಲೂಕಿನಿಂದ ಹೊರಡುವ ಮಾರ್ಗದ ಬಹುಭಾಗಕ್ಕೆ ಬಿಎಸ್‌ಎನ್‌ಎಲ್ ಹಿಂದೆಯೇ ಹಾಕಿದ್ದ ಕೇಬಲನ್ನು ಬಳಸಿ, ಉಳಿದ ಅಂತರಕ್ಕೆ ಮಾತ್ರ ಹೊಸ ಕೇಬಲ್ ಹಾಕಿದ್ದರಿಂದ ವೆಚ್ಚದಲ್ಲಿ ಉಳಿತಾಯವೂ ಆಯಿತು.

ಹೊಲಗಾಲುವೆಯ ಹೊಣೆಯನ್ನು ಮಾತ್ರ ಮಾರುಕಟ್ಟೆಗೆ ಬಿಡಲಾಗಿತ್ತು. ಪಂಚಾಯಿತಿಯವರೆಗೆ ಸರ್ಕಾರ ಸಾಮರ್ಥ್ಯವನ್ನು ತಂದಿಟ್ಟರೆ ದೂರಸಂಪರ್ಕ ಕಂಪನಿಗಳೂ ಕೇಬಲ್ ಟಿ.ವಿ. ನಡೆಸುವವರೂ ಅದನ್ನು ಬಾಡಿಗೆಗೆ ಪಡೆದು ಮನೆಮನೆಗೆ ಒಯ್ಯುವರೆಂಬುದು ಊಹೆ. ಈ ಊಹೆ ನಿರೀಕ್ಷಿಸಿದಷ್ಟು ಫಲಿಸಲಿಲ್ಲ.

ತುಂಡಾದ ತಂತು, ಕತ್ತಲಾದ ಪೆಟ್ಟಿಗೆ

ಊಹೆ ಫಲಿಸದಿರಲು ಮುಖ್ಯ ಕಾರಣ ಜಾಲದ ಮೇಲೆ ಭರವಸೆ ಮೂಡದಿದ್ದುದು. ಮೊದಲ ಹಂತದ ಜಾಲ ಸರಳರೇಖೆಯ ರಚನೆಯದು. ಮಾರ್ಗಮಧ್ಯದಲ್ಲಿ ಒಂದೆಡೆ ಕೇಬಲ್ ತುಂಡಾದರೆ ಅದರಾಚೆಗಿನ ಎಲ್ಲ ಪಂಚಾಯಿತಿಗಳೂ ಒಟ್ಟಿಗೇ ಸಂಪರ್ಕ ಕಳೆದುಕೊಳ್ಳುತ್ತವೆ. ರಸ್ತೆಯ ಅಗಲೀಕರಣ, ಚರಂಡಿಯ ಕಾಮಗಾರಿ, 2019ರ ನಂತರ ಊರೂರಿನಲ್ಲಿ ನಡೆದ ನಲ್ಲಿ ನೀರಿನ ಕೊಳವೆ ಜೋಡಣೆ ಮುಂತಾದ ಪ್ರತಿಯೊಂದು ಅಗೆತವೂ ಕೇಬಲಿಗೆ ಅಪಾಯವೇ. ಒಂದು ಇಲಾಖೆ ಜನರ ಅನುಕೂಲಕ್ಕೆಂದು ಹಾಕಿದ್ದನ್ನು ಮತ್ತೊಂದು ಇಲಾಖೆ ಜನರ ಅನುಕೂಲಕ್ಕೆಂದೇ ಕಡಿದುಹಾಕುವ ವಿಪರ್ಯಾಸ ದೇಶದಾದ್ಯಂತ ಕಂಡುಬಂದಿತು. ಅಗೆಯುವ ಮುನ್ನ ಕೇಬಲಿನ ಒಡೆಯರಿಗೆ ಮುನ್ಸೂಚನೆ ನೀಡುವ ಮೊಬೈಲ್ ತಂತ್ರಾಂಶವೊಂದು ಕೇಂದ್ರ ಸರ್ಕಾರದಿಂದ ಬಿಡುಗಡೆಯಾದದ್ದು 2023ರ ಮಾರ್ಚ್‌ನಲ್ಲಿ, ಅಂದರೆ ಮೊದಲ ಹಂತ ಮುಗಿದು ಐದು ವರ್ಷಗಳಾದ ಮೇಲೆ.

ಎರಡನೆಯದು ವಿದ್ಯುತ್ತಿನ ಪ್ರಶ್ನೆ. ಕೇಬಲ್ ಸುಸ್ಥಿತಿಯಲ್ಲಿದ್ದರೂ ಪಂಚಾಯಿತಿಯ ಪೆಟ್ಟಿಗೆಗೆ ವಿದ್ಯುತ್ತು ಬೇಕು. ಸಂಜೆ ಕಚೇರಿಗೆ ಬೀಗ ಬಿದ್ದು ಸ್ವಿಚ್ಚು ಆರಿದರೆ, ಅಲ್ಲಿಂದ ಮುಂದೆ ಸಂಪರ್ಕ ಪಡೆದ ಶಾಲೆ, ಅಂಚೆ ಕಚೇರಿ, ಆರೋಗ್ಯ ಉಪಕೇಂದ್ರಗಳೆಲ್ಲವೂ ಕತ್ತಲಾಗುತ್ತವೆ. ಬ್ಯಾಟರಿ ಸವೆದರೆ ಬದಲಿಸುವ ಹೊಣೆ ಯಾರದು ಎಂಬುದು ಹಲವೆಡೆ ಇತ್ಯರ್ಥವಾಗದೆ ಉಳಿಯುವ ಪ್ರಶ್ನೆ. ಪಂಚಾಯಿತಿಯ ದೃಷ್ಟಿಯಲ್ಲಿ ಅದು ದೂರಸಂಪರ್ಕ ಇಲಾಖೆಯ ವಸ್ತು, ಇಲಾಖೆಯ ದೃಷ್ಟಿಯಲ್ಲಿ ಅದು ಪಂಚಾಯಿತಿಯ ಕಟ್ಟಡದಲ್ಲಿರುವ ವಸ್ತು.

ಮೂರನೆಯದು ಹಾಗೂ ಎಲ್ಲಕ್ಕಿಂತ ಮುಖ್ಯವಾದುದು, ಯಶಸ್ಸನ್ನು ಅಳೆಯುವ ಮಾನದಂಡ. ಕೇಬಲ್ ತಲುಪಿ ಪೆಟ್ಟಿಗೆ ಒಮ್ಮೆ ಕೆಲಸ ಮಾಡಿದರೆ ಆ ಪಂಚಾಯಿತಿ 'ಸೇವೆಗೆ ಸಿದ್ಧ' ಎಂದು ದಾಖಲಾಗುತ್ತಿತ್ತು. ಮರುವಾರ ಕೇಬಲ್ ತುಂಡಾದರೂ ಆ ದಾಖಲೆ ಬದಲಾಗುತ್ತಿರಲಿಲ್ಲ. 2025ರ ಆರಂಭದ ವೇಳೆಗೆ ದೇಶದಲ್ಲಿ 2.14 ಲಕ್ಷ ಪಂಚಾಯಿತಿಗಳು ಸೇವೆಗೆ ಸಿದ್ಧವಾಗಿದ್ದವು. ಹಾಕಿದ ಕೇಬಲಿನ ಉದ್ದ ಸುಮಾರು 6.9 ಲಕ್ಷ ಕಿಲೋಮೀಟರ್. ಈ ಜಾಲದಿಂದ ನೀಡಲಾದ ಮನೆ ಮತ್ತು ಸಂಸ್ಥೆಗಳ ಫೈಬರ್ ಸಂಪರ್ಕಗಳು ಸುಮಾರು 12 ಲಕ್ಷ. ಸರಾಸರಿಯಲ್ಲಿ ನೋಡಿದರೆ ಒಂದು ಪಂಚಾಯಿತಿಗೆ ಆರು ಸಂಪರ್ಕಗಳೂ ಇಲ್ಲ. ಹಲವು ಹಳ್ಳಿಗಳನ್ನೂ ಸಾವಿರಾರು ಜನರನ್ನೂ ಒಳಗೊಂಡ ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ಈ ಸಂಖ್ಯೆ ಏನನ್ನು ಸೂಚಿಸುತ್ತದೆ ಎಂಬುದು ಸ್ವಯಂವೇದ್ಯ. ಉಪನಾಲೆಯಲ್ಲಿ ನೀರು ಬಂದಿದೆ, ಗದ್ದೆ ಮಾತ್ರ ಒಣಗಿಯೇ ಇದೆ.

ಮಲೆನಾಡಿನ ನಿದರ್ಶನ

ಈ ಅಂತರದ ಮಾನವೀಯ ಮುಖ ಸ್ಪಷ್ಟವಾಗಿ ಗೋಚರಿಸಿದ್ದು 2020 ಮತ್ತು 2021ರ ಕೊರೋನಾ ಕಾಲದಲ್ಲಿ. ಶಾಲಾ ಕಾಲೇಜುಗಳು ಮುಚ್ಚಿ ಪಾಠಗಳು ಅಂತರಜಾಲದ ಮೂಲಕ ನಡೆಯತೊಡಗಿದಾಗ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಮಲೆನಾಡಿನ ಹಳ್ಳಿಗಳ ವಿದ್ಯಾರ್ಥಿಗಳು ಮೊಬೈಲ್ ಸಂಕೇತವನ್ನು ಅರಸಿ ಗುಡ್ಡ ಹತ್ತಿದರು. ರಸ್ತೆಯಂಚಿನಲ್ಲಿ ಮುಂಗಾರು ಮಳೆಗೆ ಕೊಡೆ ಹಿಡಿದು ಪಾಠ ಕೇಳಿದರು. ಕೆಲವೆಡೆ ಪೋಷಕರು ಕಾಡಂಚಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಕಟ್ಟಿಕೊಟ್ಟರು. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಗ್ರಾಮಸ್ಥರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಅಭಿಯಾನವನ್ನೇ ಹೂಡಿದರು. ಫೈಬರ್ ಜಾಲದ ಮೊದಲ ಹಂತ ಮುಗಿದು ಆ ವೇಳೆಗೆ ಮೂರು ವರ್ಷಗಳು ಸಂದಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಮಲೆನಾಡಿನ ತೊಡಕಿಗೆ ಭೌಗೋಳಿಕ ಕಾರಣಗಳೂ ಇವೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒಂದೆಡೆ ಗುಂಪುಗೂಡಿರುವುದಿಲ್ಲ. ತೋಟಕ್ಕೊಂದು, ಗದ್ದೆಯ ಕೋವಿಗೊಂದು ಎಂಬಂತೆ ಹರಡಿಕೊಂಡಿರುತ್ತವೆ. ಒಂದು ಗೋಪುರದ ರೇಡಿಯೋ ಅಲೆಗಳಿಗೆ ಗುಡ್ಡಗಳು ಅಡ್ಡಬರುತ್ತವೆ, ದಟ್ಟ ಮರಗಳು ಅವುಗಳ ಬಲವನ್ನು ಕುಗ್ಗಿಸುತ್ತವೆ. ಬಯಲಿನಲ್ಲಿ ಸಾವಿರಾರು ಗ್ರಾಹಕರನ್ನು ತಲುಪುವ ಗೋಪುರ ಇಲ್ಲಿ ಕೆಲವೇ ನೂರು ಜನರನ್ನು ತಲುಪೀತು. ಆದುದರಿಂದ ಖಾಸಗಿ ಕಂಪನಿಗೆ ಅದರಿಂದ ಲಾಭವಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ದಿನಗಟ್ಟಲೆ ಹೋದರೆ ಗೋಪುರವೂ ಮೌನ ತಾಳುತ್ತದೆ. ಅರಣ್ಯ ಪ್ರದೇಶದಲ್ಲಿ ಗೋಪುರ ನಿಲ್ಲಿಸಲು ಅಥವಾ ಕೇಬಲ್ ಹೂಳಲು ಪ್ರತ್ಯೇಕ ಅನುಮತಿ ಬೇಕು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಸೇವೆ ಒದಗಿಸಲು 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದುದು ಇಂಥ ಪ್ರದೇಶಗಳನ್ನು ಮಾರುಕಟ್ಟೆ ತಾನಾಗಿ ತಲುಪದೆಂಬುದನ್ನು ಒಪ್ಪಿಕೊಂಡಂತೆ.

ಮೊಬೈಲ್ ಇದ್ದರೆ ಸಾಲದೆ, ಫೈಬರ್ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. 2024ರ ಮಾರ್ಚ್ ವೇಳೆಗೆ ದೇಶದಲ್ಲಿದ್ದ 95.44 ಕೋಟಿ ಅಂತರಜಾಲ ಚಂದಾದಾರರಲ್ಲಿ 39.83 ಕೋಟಿ ಮಂದಿ ಗ್ರಾಮೀಣರು. ಅವರಲ್ಲಿ ಬಹುಪಾಲಿನವರದು ಮೊಬೈಲ್ ಸಂಪರ್ಕವೇ. ಆದರೆ ಮೊಬೈಲ್ ಗೋಪುರದ ಸಾಮರ್ಥ್ಯವನ್ನು ಅದರ ವ್ಯಾಪ್ತಿಯಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. ಆ ಗೋಪುರಕ್ಕೂ ಹೆಚ್ಚಿನ ವೇಗ ಬೇಕಾದರೆ ಹಿಂದಿನಿಂದ ಫೈಬರ್ ಬಂದಿರಬೇಕು. ಒಂದು ಮನೆಯಲ್ಲಿ ಒಂದೇ ಫೋನಿದ್ದು ಅದು ದುಡಿಯಲು ಹೋದವರ ಜೇಬಿನಲ್ಲಿದ್ದರೆ ಮಕ್ಕಳ ಪಾಠಕ್ಕೆ ಅದು ಒದಗದು. ಮನೆಗೆ ಬಂದ ತಂತು ಮನೆಯಲ್ಲಿಯೇ ಇರುತ್ತದೆ ಎಂಬುದು ಸಣ್ಣ ಮಾತಲ್ಲ.

ತಿದ್ದುಪಡಿಗೊಂಡ ಯೋಜನೆ

ಸರ್ಕಾರ ತನ್ನ ದಾರಿಯನ್ನು ತಿದ್ದಿಕೊಂಡಿಲ್ಲವೆಂದು ಹೇಳಲಾಗದು. 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿದಂತೆ 16 ರಾಜ್ಯಗಳಲ್ಲಿ ಖಾಸಗಿ ಸಹಭಾಗಿತ್ವದ ಮೂಲಕ ಜಾಲವನ್ನು ಹಳ್ಳಿಹಳ್ಳಿಗೂ ವಿಸ್ತರಿಸಲು ಸಂಪುಟ ಒಪ್ಪಿತು. 19,041 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದರೂ ಆ ಟೆಂಡರ್ ಫಲಪ್ರದವಾಗಲಿಲ್ಲ. ಸರ್ಕಾರದ ನೆರವಿದ್ದೂ ಖಾಸಗಿಯವರು ಹಿಂಜರಿದುದು ಗ್ರಾಮೀಣ ಜಾಲದ ನಿರ್ವಹಣೆ ಎಷ್ಟು ಕಠಿಣವೆಂಬುದರ ದ್ಯೋತಕ. 2022ರ ಜುಲೈನಲ್ಲಿ ಬಿಬಿಎನ್‌ಎಲ್ ಕಂಪನಿಯನ್ನು ಬಿಎಸ್‌ಎನ್‌ಎಲ್‌ನೊಂದಿಗೆ ವಿಲೀನಗೊಳಿಸುವ ತೀರ್ಮಾನವಾಯಿತು.

2023ರ ಆಗಸ್ಟ್‌ನಲ್ಲಿ ಸಂಪುಟ ಒಪ್ಪಿದ ತಿದ್ದುಪಡಿಗೊಂಡ ಭಾರತ್‌ನೆಟ್ ಕಾರ್ಯಕ್ರಮದ ಮೊತ್ತ 1,39,579 ಕೋಟಿ ರೂಪಾಯಿ. ಇದರಲ್ಲಿ ಮೂರು ಬದಲಾವಣೆಗಳು ಗಮನಾರ್ಹ. ಮೊದಲನೆಯದು, ಸರಳರೇಖೆಯ ಬದಲು ಉಂಗುರದ ರಚನೆ. ತಾಲ್ಲೂಕಿನಿಂದ ಹೊರಟ ಕೇಬಲ್ ಪಂಚಾಯಿತಿಗಳನ್ನು ಹಾದು ಮತ್ತೊಂದು ಮಾರ್ಗವಾಗಿ ತಾಲ್ಲೂಕಿಗೆ ಮರಳುವುದರಿಂದ ಒಂದೆಡೆ ತುಂಡಾದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕ ಉಳಿಯುತ್ತದೆ. ಭಾರತ್‌ನೆಟ್‌ನ ಮೂಲ ಮೂರು ಹಂತಗಳಲ್ಲಿ ಈ ರಚನೆಯನ್ನು ಕೊನೆಯ ಹಂತಕ್ಕೆ ಮೀಸಲಿಡಲಾಗಿತ್ತು. ಮೊದಲೇ ಆಗಬೇಕಾದುದನ್ನು ಕಡೆಗೆ ಉಳಿಸಿದ್ದರ ಬೆಲೆಯನ್ನು ನಡುವಣ ವರ್ಷಗಳಲ್ಲಿ ಹಳ್ಳಿಗಳು ತೆತ್ತವು. ಎರಡನೆಯದು, ನಿರ್ಮಿಸಿದ ಸಂಸ್ಥೆಯೇ ಹತ್ತು ವರ್ಷಗಳ ಕಾಲ ಅದನ್ನು ನಿರ್ವಹಿಸಬೇಕೆಂಬ ಕಟ್ಟಳೆ. ಕೇಬಲ್ ಹಾಕಿ ಹಣ ಪಡೆದು ಹೊರಟುಹೋಗುವ ಅವಕಾಶ ಇದರಿಂದ ಇಲ್ಲವಾಗುತ್ತದೆ. ಮೂರನೆಯದು, 2.64 ಲಕ್ಷ ಪಂಚಾಯಿತಿಗಳ ಆಚೆಗೆ ಉಳಿದ ಸುಮಾರು 3.8 ಲಕ್ಷ ಹಳ್ಳಿಗಳಿಗೂ ಬೇಡಿಕೆಯ ಮೇರೆಗೆ ಸಂಪರ್ಕ ಮತ್ತು ಐದು ವರ್ಷಗಳಲ್ಲಿ 1.5 ಕೋಟಿ ಗ್ರಾಮೀಣ ಫೈಬರ್ ಸಂಪರ್ಕಗಳ ಗುರಿ. ಎಣಿಕೆಯ ಘಟಕ ಕಡೆಗೂ ಪಂಚಾಯಿತಿಯಿಂದ ಮನೆಗೆ ಬಂದಿದೆ.

ಹೊಲಗಾಲುವೆಗೆ ಸಂಬಂಧಿಸಿದಂತೆ ಊರಿನ ಉದ್ಯಮಿಗಳನ್ನು ತೊಡಗಿಸುವ ಮಾದರಿಯೂ ಇದೇ ಕಾಲದ್ದು. ಚಂದಾ ಹಣದ ಅರ್ಧಪಾಲನ್ನು ಪಡೆಯುವ ಸ್ಥಳೀಯ ಉದ್ಯಮಿ ಮನೆಗಳಿಗೆ ಸಂಪರ್ಕ ನೀಡಿ ಅದನ್ನು ಸುಸ್ಥಿತಿಯಲ್ಲಿಡುತ್ತಾನೆ. ತಿಂಗಳಿಗೆ 399 ರೂಪಾಯಿಗಳಿಂದ ಚಂದಾ ದರ ಆರಂಭವಾಯಿತು. ಎಸ್‌ಟಿಡಿ ಬೂತಿನ ತತ್ತ್ವವೇ ಇಲ್ಲಿ ಮರಳಿ ಬಂದಿದೆ. ಸಂಪರ್ಕ ನಿಂತರೆ ಯಾರ ಸಂಪಾದನೆ ನಿಲ್ಲುತ್ತದೆಯೋ ಆತನ ಕೈಯಲ್ಲಿ ಅದರ ಪಾಲನೆಯನ್ನಿಡುವುದು ಆ ತತ್ತ್ವ. ಆದರೂ ಎಚ್ಚರವೊಂದು ಅಗತ್ಯ. ಮನೆಗಳು ಒತ್ತಾಗಿರುವ ಬಯಲಿನ ಊರಿನಲ್ಲಿ ಲಾಭ ತರುವ ಈ ಮಾದರಿ ಒಂದು ಮನೆಗೆ ಅರ್ಧ ಕಿಲೋಮೀಟರ್ ಕೇಬಲ್ ಎಳೆಯಬೇಕಾದ ಮಲೆನಾಡಿನಲ್ಲಿ ತಾನಾಗಿಯೇ ನಿಲ್ಲಲಾರದು. ದೂರ ಹೆಚ್ಚಿದಂತೆ ನೆರವೂ ಹೆಚ್ಚಬೇಕು. ಸೇವಾ ನಿಧಿ ಹುಟ್ಟಿದ್ದೇ ಈ ಉದ್ದೇಶಕ್ಕೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಗ್ರಾಮೀಣ ಬ್ರಾಡ್‌ಬ್ಯಾಂಡ್ ವಿಚಾರದಲ್ಲಿ ಕೊರತೆಯಾದದ್ದು ಸಂಕಲ್ಪವಲ್ಲ, ಬಹುಮಟ್ಟಿಗೆ ಹಣವೂ ಅಲ್ಲ. ಕೊರತೆಯಾದದ್ದು ಪಾಲನೆ. ನಿರ್ಮಾಣ ಒಂದು ದಿನ ಉದ್ಘಾಟನೆಯಾಗಿ ಮುಗಿಯುತ್ತದೆ, ಪಾಲನೆಗೆ ಉದ್ಘಾಟನೆಯಿಲ್ಲ. ಕರ್ನಾಟಕದ ಹಳ್ಳಿಗಾಡಿನಲ್ಲಿ ಕೆರೆ ಕಟ್ಟಿಸುವುದಕ್ಕೆ ಎಷ್ಟು ಮಹತ್ತ್ವವಿತ್ತೋ ಅಷ್ಟೇ ಮಹತ್ತ್ವ ಅದರ ಹೂಳೆತ್ತುವುದಕ್ಕೂ ತೂಬು ಕಾಯುವುದಕ್ಕೂ ಇತ್ತು. ಹಲವು ಶಾಸನಗಳು ಕೆರೆ ಕಟ್ಟಿಸಿದವರನ್ನು ಸ್ಮರಿಸುವುದರ ಜೊತೆಗೆ ಕೆರೆಯ ಪಾಲನೆಗೆ ಬಿಟ್ಟ ಭೂಮಿಯನ್ನೂ ದಾಖಲಿಸುತ್ತವೆ. ಕಟ್ಟುವ ದಿನವೇ ಕಾಯುವವನ ಜೀವನೋಪಾಯವನ್ನೂ ಗೊತ್ತುಮಾಡಿದ ಆ ವಿವೇಕ ಇಂದಿನ ಜಾಲಗಳಿಗೂ ಬೇಕಾದುದು.

ಈ ದೃಷ್ಟಿಯಿಂದ ಪ್ರತಿ ಪಂಚಾಯಿತಿಯಲ್ಲಿ ಕಳೆದ ತಿಂಗಳು ಸಂಪರ್ಕ ಎಷ್ಟು ದಿನ ಇತ್ತು, ಎಷ್ಟು ದಿನ ಇರಲಿಲ್ಲ ಎಂಬುದನ್ನು ಫಲಕದಲ್ಲಿ ಪ್ರಕಟಿಸಿ ಗ್ರಾಮಸಭೆಯ ಮುಂದಿಡುವುದು ಅತ್ಯಲ್ಪ ವೆಚ್ಚದ, ಆದರೆ ಪರಿಣಾಮಕಾರಿಯಾದ ಕ್ರಮವಾದೀತು. ಪಡಿತರ, ಕೂಲಿ, ಪಿಂಚಣಿಗಳಂಥ ಹಕ್ಕುಗಳನ್ನು ಸಂಪರ್ಕಕ್ಕೆ ಗಂಟುಹಾಕಿದೆಡೆ ಸಂಪರ್ಕ ಕಡಿದ ದಿನದಂದು ಕಾಗದದ ದಾಖಲೆಯನ್ನು ಮಾನ್ಯ ಮಾಡುವ ನಿಯಮವೂ ಇರತಕ್ಕದ್ದು. ತಂತು ತುಂಡಾದುದಕ್ಕೆ ಕೂಲಿಯಾಳು ದಂಡ ತೆರಬೇಕಾಗಿಲ್ಲ.

ಕಿತ್ತೂರಿನ ಚಿಕ್ಕ ವಿನಿಮಯ ಕೇಂದ್ರ ಹಳ್ಳಿಯ ಧೂಳು ಸೆಕೆಗಳನ್ನು ಮೊದಲೇ ಎಣಿಸಿ ರೂಪುಗೊಂಡುದರಿಂದ ಬಾಳಿತು. ಇಂದಿನ ಜಾಲವೂ ಹಳ್ಳಿಯ ಅಗೆತ, ಮಳೆ, ವಿದ್ಯುತ್ತಿನ ಅಭಾವ, ಹರಡಿಕೊಂಡ ಮನೆಗಳು ಇವೆಲ್ಲವನ್ನೂ ಮೊದಲೇ ಎಣಿಸಿ ರೂಪುಗೊಂಡಾಗ ಮಾತ್ರ ಬಾಳೀತು. ಆಗ ಹಾಕಿದ ಕೇಬಲಿನ ಕಿಲೋಮೀಟರುಗಳನ್ನು ಲೆಕ್ಕಹಾಕುವ ಅಗತ್ಯವೇ ಬೀಳದು. ಮಳೆಗಾಲದ ಒಂದು ಮುಂಜಾನೆ ಮಲೆನಾಡಿನ ವಿದ್ಯಾರ್ಥಿನಿ ಗುಡ್ಡ ಹತ್ತದೆ ತನ್ನ ಮನೆಯ ಜಗಲಿಯಲ್ಲಿಯೇ ಕುಳಿತು ಪಾಠ ಕೇಳಿದಳೆಂದರೆ ಅದೇ ಈ ಎಲ್ಲ ಯೋಜನೆಗಳ ಸಾರ್ಥಕತೆಗೆ ಸಾಕಾದ ಪ್ರಮಾಣ.